ಬಹುವಚನ ಬಿಟ್ಟ ಗೋಲ್‌ಕೀಪರ್

ಅವಳ ಪಾದಗಳು ಅವಳಿಗಿಂತ ಮೊದಲೇ ಬೆಳೆದುಬಿಟ್ಟವು. ಉಳಿದ ಮೈ ಇನ್ನೂ ಆರನೇ ತರಗತಿಯಲ್ಲಿ ಕೂತಿದ್ದಾಗ ಪಾದಗಳು ಮಾತ್ರ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವಂತೆ ಕಾಣುತ್ತಿದ್ದವು. ಅಪ್ಪನ ಬೂಟು ಅವಳಿಗೆ ಸರಿಯಾಗುತ್ತಿತ್ತು. ಬೆರಳ ಹತ್ತಿರ ಸ್ವಲ್ಪ ಬಿಗಿ ಎಂಬ ದೂರು ಬೇರೆ.

ಅಪ್ಪ ಅಮ್ಮನದು ಲಾಂಡ್ರಿ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಮ್ಮನ ಕೌಂಟರ್, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು, ಎರಡರ ನಡುವಿನ ಓಣಿಯಂಥ ಜಾಗದಲ್ಲಿ ಅಪ್ಪನ ಇಸ್ತ್ರಿ ಮೇಜು, ಮೇಲಿನ ಮಹಡಿಯಲ್ಲಿ ಮನೆ. ಬೆಚ್ಚಗಿರುತ್ತದೆಂದು ಹುಡುಗಿ ಇಸ್ತ್ರಿ ಮೇಜಿನ ಕೆಳಗೆ ಕೂತು ಓದಿಕೊಳ್ಳುತ್ತಿದ್ದಳು. ತಲೆ, ಮೈ, ಪುಸ್ತಕ ಎಲ್ಲ ಮೇಜಿನ ಕೆಳಗೆ. ಕಾಲು ಮಾತ್ರ ಓಣಿಯಲ್ಲಿ. ಬಟ್ಟೆಯ ಗಂಟು ಹೊತ್ತು ಬಂದವರೆಲ್ಲ ಆ ಕಾಲಿಗೆ ಎಡವಿ ಮುಗ್ಗರಿಸುವವರೇ. "ಏಯ್ ಎಮ್ಮೆ, ಸರಿ ಆಚೆ!" ಎಂದು ಅಮ್ಮ ಕೌಂಟರಿನಿಂದಲೇ ಕೂಗುತ್ತಿದ್ದಳು. ಯಂತ್ರಗಳ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅಮ್ಮನ ಗಂಟಲು ಬೀದಿಯ ಕೊನೆಯವರೆಗೆ ಮುಟ್ಟುವಷ್ಟು ಪಳಗಿತ್ತು. ಹೀಗೆ, ಮನೆಯಲ್ಲಿ ಪುಟ್ಟಿ ಎನಿಸಿಕೊಂಡಿದ್ದವಳಿಗೆ ಲಾಂಡ್ರಿಯ ಕೆಲಸದವರು ಅಡ್ಡಗಾಲು ಎಂದು ಹೆಸರಿಟ್ಟರು. ಹೆಸರು ಕೌಂಟರ್ ದಾಟಿ ಬೀದಿಗಿಳಿಯಿತು, ಬೀದಿಯಿಂದ ನೇರ ಶಾಲೆಗೆ ಸೇರಿಕೊಂಡಿತು.

ಶಾಲೆಯಲ್ಲಿ ಹಾಕಿ ಕಲಿಸುತ್ತಿದ್ದ ಆಟದ ಮೇಡಂ ಅಂತಿಂಥವರಲ್ಲ. ದೇಶದ ತಂಡದಲ್ಲಿ ಆಡುತ್ತಿದ್ದವರು. ಎದುರಾಳಿ ಗೋಲಿನ ಹತ್ತಿರ ಸುಳಿಯದಂತೆ ತಡೆಯುವ ಡಿಫೆಂಡರ್. ಆಗಾಗ ವಿದೇಶಕ್ಕೆ ಹೋಗುತ್ತಿದ್ದರು, ಮೈಮೇಲೆ ಎಲ್ಲೋ ಒಂದು ಕಡೆ ಹೊಸ ಪಟ್ಟಿ ಕಟ್ಟಿಕೊಂಡು ಮರಳುತ್ತಿದ್ದರು, ಏನೂ ಆಗದವರಂತೆ ಸೀಟಿ ಊದುತ್ತಿದ್ದರು. ಮಕ್ಕಳಿಗೆ ಅವರೆಂದರೆ ಪ್ರಾಣ, ಅದರ ಎರಡರಷ್ಟು ಭಯ.

ಅಡ್ಡಗಾಲಿಗೆ ಹಾಕಿಯ ಹುಚ್ಚು ಹಿಡಿಸಿದವರೂ ಅವರೇ. ತೊಂದರೆ ಏನೆಂದರೆ ಹಾಕಿಯಲ್ಲಿ ಚೆಂಡು ಕಾಲಿಗೆ ತಾಗಿದರೆ ತಪ್ಪು. ಅಷ್ಟು ದೊಡ್ಡ ಮೈದಾನದಲ್ಲಿ ಚೆಂಡಿಗೆ ಹೋಗಲು ಬೇಕಾದಷ್ಟು ಜಾಗವಿದ್ದರೂ ಅದು ಹುಡುಕಿಕೊಂಡು ಬಂದು ಇವಳ ಪಾದಕ್ಕೇ ಬಡಿಯುತ್ತಿತ್ತು. ಅಂಪೈರ್ ಸೀಟಿ ಊದುವುದು, ಎದುರಾಳಿಗೆ ಪೆನಾಲ್ಟಿ ಕಾರ್ನರ್, ಆಮೇಲೆ ಗೋಲು. ಪಂದ್ಯವೆಂದರೆ ಇಷ್ಟೇ ಎನ್ನುವಂತಾಯಿತು.

ಒಂದು ಸಂಜೆ ಮೇಡಂ ಅವಳನ್ನು ಕರೆದು ಪಾದಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ಬೇಕಂತ ಕಾಲು ಹಾಕ್ತೀಯೇನೇ?"

"ಇಲ್ಲ ಮೇಡಂ. ಸುಮ್ನೆ ನಿಂತಿರ್ತೀನಿ. ಅದೇ ಬರುತ್ತೆ."

"ಅದೇ ಬರುತ್ತೆ." ಮೇಡಂ ನಿಟ್ಟುಸಿರುಬಿಟ್ಟರು. "ಸರಿ. ಹನ್ನೊಂದು ಜನರಲ್ಲಿ ಒಬ್ಬಳಿಗೆ ಮಾತ್ರ ಚೆಂಡನ್ನ ಒದೆಯೋ ಹಕ್ಕಿದೆ. ನಾಳೆಯಿಂದ ಗೋಲಲ್ಲಿ ನಿಲ್ಲು."

ಮನೆಯಲ್ಲಿ ಸುದ್ದಿ ಹೇಳಿದಾಗ ಅಪ್ಪ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಸಂತೋಷಪಟ್ಟ. ಅಜ್ಜಿಗೆ ಮಾತ್ರ ವಿವರ ಬೇಕಿತ್ತು.

"ಅಲ್ಲಿ ನಿಂತು ಏನು ಮಾಡ್ತೀಯ?"

"ಚೆಂಡು ಒಳಗೆ ಬರದ ಹಾಗೆ ನೋಡ್ಕೊಳ್ತೀನಿ ಅಜ್ಜಿ."

"ಉಳಿದವರೆಲ್ಲ ಆಡೋವಾಗ?"

"ಹೂಂ."

"ಅಂದ್ರೆ ಬಾಗಿಲು ಕಾಯೋ ಕೆಲಸ," ಎಂದು ಅಜ್ಜಿ ತೀರ್ಮಾನಿಸಿದಳು. ಮುಂದೆ ಮೊಮ್ಮಗಳು ಎಷ್ಟೇ ದೇಶ ಸುತ್ತಿದರೂ ಈ ತೀರ್ಮಾನ ಬದಲಾಗಲಿಲ್ಲ. ಯಾರಾದರೂ ಕೇಳಿದರೆ, "ನಮ್ಮ ಪುಟ್ಟಿ ವಿದೇಶದಲ್ಲಿ ವಾಚ್‌ಮನ್. ಒಳ್ಳೆ ಕೆಲಸ, ವಿಮಾನದಲ್ಲಿ ಕರ್ಕೊಂಡು ಹೋಗ್ತಾರೆ," ಎನ್ನುತ್ತಿದ್ದಳು.

ಗೋಲ್‌ಕೀಪರ್ ಆದ ಹುಡುಗಿಯ ಹಿಂದೆಯೇ ಮನೆಗೆ ಒಂದು ಚೀಲವೂ ಬಂತು. ಹೆಲ್ಮೆಟ್, ಎದೆಕವಚ, ದಪ್ಪ ಸ್ಪಂಜಿನ ಕಾಲುಪ್ಯಾಡು, ಕೈಗೆ ದಿಂಬಿನಂಥ ಗ್ಲೌಸು. ಆ ಸ್ಪಂಜು ಬೆವರನ್ನು ಕುಡಿಯುತ್ತದೆಯೇ ಹೊರತು ವಾಪಸು ಕೊಡುವುದಿಲ್ಲ. ಯಂತ್ರಕ್ಕೆ ಹಾಕುವಂತಿಲ್ಲ, ಹಿಂಡುವಂತಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದರ ನಾತಕ್ಕೆ ಮನೆಯ ಗೋಡೆಗಳೂ ಮುಖ ತಿರುಗಿಸಿದವು. ಅಪ್ಪನಿಗಂತೂ ಇದು ಮಾನದ ಪ್ರಶ್ನೆ. ಎಣ್ಣೆ, ಮಸಿ, ತುಕ್ಕು, ರಕ್ತ ಯಾವ ಕಲೆಯೂ ಅವನ ಕೈಲಿ ಉಳಿದದ್ದಿಲ್ಲ. ಊರವರ ಕೊಳೆಯನ್ನೆಲ್ಲ ಗೆದ್ದ ಮನುಷ್ಯ ಮಗಳ ಪ್ಯಾಡಿನ ಮುಂದೆ ಕೈಚೆಲ್ಲಿದ. ಸೋಪು ಹಾಕಿದ, ನಿಂಬೆಹಣ್ಣು ತಿಕ್ಕಿದ, ತಾರಸಿಯಲ್ಲಿ ಒಣಹಾಕಿದ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

ಗಿರಾಕಿಯೊಬ್ಬರು ಮೂಗು ಹಿಡಿದು, "ಒಳಗೆ ಏನಾದ್ರೂ ಸತ್ತಿದೆಯಾ?" ಎಂದು ಕೇಳಿದಾಗ ಅಪ್ಪ ತಲೆ ತಗ್ಗಿಸಿ, "ಇಲ್ಲ ಸಾರ್, ಮಗಳು ಆಟ ಮುಗಿಸಿ ಬಂದಿದಾಳೆ," ಎಂದ.

ಅಪ್ಪನ ಮಾತೇ ಹಾಗೆ, ಮೆತ್ತಗೆ. ಗಿರಾಕಿಗಳಿಗೆ ಬಹುವಚನ, ಗಿರಾಕಿಗಳ ಮಕ್ಕಳಿಗೂ ಬಹುವಚನ. ಬಾಗಿಲಲ್ಲಿ ಮಲಗಿದ ಬೀದಿ ಬೆಕ್ಕಿಗೂ, "ಸ್ವಲ್ಪ ಆ ಕಡೆ ಬರ್ತೀರಾ?" ಎನ್ನುವ ಮನುಷ್ಯ. ಮಗಳಿಗೆ ಅಮ್ಮನ ಗಂಟಲು ಬಂದಿತ್ತು. ಆದರೆ ನಾಲಗೆ ಪೂರಾ ಅಪ್ಪನದು. ಗಂಟಲು ಇದೆ ಎಂಬುದೇ ಅವಳಿಗೆ ಬಹಳ ಕಾಲ ಗೊತ್ತಾಗಲಿಲ್ಲ.

ಶಾಲೆ ಮುಗಿದು ಕಾಲೇಜಿಗೆ ಬರುವ ಹೊತ್ತಿಗೆ ಅವಳನ್ನು ದಾಟಿ ಗೋಲು ಹೊಡೆಯುವುದು ಸುಲಭವಲ್ಲ ಎಂಬ ಮಾತು ಹಬ್ಬಿತು. ಎರಡು ಪಾದ ಜೋಡಿಸಿ ನಿಂತರೆ ಅರ್ಧ ಗೋಲು ಮುಚ್ಚಿದಂತೆ. ದೇಶದ ತಂಡಕ್ಕೆ ಕರೆ ಬಂದಾಗ ಮೇಡಂ ಅಲ್ಲಿ ಕ್ಯಾಪ್ಟನ್ ಆಗಿದ್ದರು. ಹುಡುಗಿ ಶಿಬಿರದ ಗೇಟಿನಲ್ಲೇ ನಿಂತು, "ಗುಡ್ ಮಾರ್ನಿಂಗ್ ಮೇಡಂ," ಎಂದು ಶಾಲೆಯ ರಾಗದಲ್ಲೇ ಹೇಳಿದಳು. ತಂಡದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ತಂಡದಲ್ಲಿ ಆಗಲೇ ಒಬ್ಬಳು ಗೋಲ್‌ಕೀಪರ್ ಇದ್ದಳು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ದೊಡ್ಡಕ್ಕನಿಗೆ ಜ್ವರ ಬರುತ್ತಿರಲಿಲ್ಲ, ಉಳುಕುತ್ತಿರಲಿಲ್ಲ, ಹೊಟ್ಟೆ ಕೆಡುತ್ತಿರಲಿಲ್ಲ. ಹೀಗಾಗಿ ಅಡ್ಡಗಾಲಿನ ಅಂತರರಾಷ್ಟ್ರೀಯ ಜೀವನ ಬೆಂಚಿನ ಮೇಲೆ ಶುರುವಾಗಿ ಬೆಂಚಿನ ಮೇಲೇ ಮುಂದುವರಿಯಿತು. ಅವಳು ಕಂಡ ದೇಶಗಳೆಲ್ಲ ಒಂದೇ ಥರ: ವಿಮಾನ ನಿಲ್ದಾಣ, ಬಸ್ಸು, ಹೋಟೆಲ್ ಕೋಣೆ, ಕೃತಕ ಹುಲ್ಲಿನ ನೀಲಿ ಮೈದಾನ, ಬೆಂಚು. ಮನೆಗೆ ಬರುವಾಗ ಹೋಟೆಲುಗಳ ಪುಟಾಣಿ ಸೋಪುಗಳನ್ನು ತಂದು ಅಜ್ಜಿಗೆ ಕೊಡುತ್ತಿದ್ದಳು. ಅಜ್ಜಿ ಅವುಗಳನ್ನು ಬಳಸದೆ ಕಪಾಟಿನಲ್ಲಿ ಜೋಡಿಸಿಟ್ಟು, ಬಂದವರಿಗೆ ಮೂಸಿಸುತ್ತಾ, "ಇದು ಯಾವ ದೇಶ ಹೇಳಿ ನೋಡೋಣ," ಎನ್ನುತ್ತಿದ್ದಳು.

ಒಂದು ದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅವಳ ಚೀಲದ ಗಾತ್ರ ನೋಡಿ ಅನುಮಾನಪಟ್ಟ. ತೆಗೆಯಬೇಡಿ ಎಂದು ಅವಳು ಕೈಸನ್ನೆಯಲ್ಲಿ ಬೇಡಿಕೊಂಡಳು. ಅದರಿಂದ ಅನುಮಾನ ಇನ್ನಷ್ಟು ಹೆಚ್ಚಾಗಿ, ಅವನು ಜಿಪ್ ಎಳೆದು ಒಳಗೆ ಬಗ್ಗಿದ. ಬಗ್ಗಿದವನು ಎದ್ದಾಗ ಕಣ್ಣಲ್ಲಿ ನೀರು. ಮೂಸುವ ಕೆಲಸಕ್ಕೆಂದೇ ಸಾಕಿದ ನಾಯಿಯನ್ನು ಕರೆತಂದರು. ಅದು ಚೀಲದ ಹತ್ತಿರ ಬಂದು, ನಿಂತು, ತನ್ನ ಯಜಮಾನನ ಮುಖವನ್ನು ನೊಂದು ನೋಡಿ, ಹಿಂದಕ್ಕೆ ತಿರುಗಿ ಕೂತಿತು. ಅಂದಿನಿಂದ ತಂಡದವರು ಸರತಿ ಸಾಲಿನಲ್ಲಿ ಅವಳನ್ನೇ ಮುಂದೆ ಬಿಡುತ್ತಿದ್ದರು. ಬೇಗ ಕೆಲಸ ಆಗುತ್ತಿತ್ತು.

ಕೊನೆಗೆ ಅವಳ ಸರದಿ ಬಂದದ್ದು ದೊಡ್ಡಕ್ಕನ ಒಂದು ಅಭ್ಯಾಸದಿಂದ. ದೊಡ್ಡಕ್ಕ ಹೋಟೆಲ್ ಕೋಣೆಯಲ್ಲೇ ಪ್ಯಾಡು ಕವಚ ಎಲ್ಲ ಕಟ್ಟಿಕೊಂಡು, ಯುದ್ಧಕ್ಕೆ ಹೊರಟವರ ಹಾಗೆ ಕೆಳಗಿಳಿಯುತ್ತಿದ್ದಳು. ಆ ದಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಬಾಗಿಲು ಒಂದು ಸಂದಿನಷ್ಟು ತೆರೆಯಿತು. ಸಾಮಾನ್ಯ ಮನುಷ್ಯರು ನುಸುಳಿ ಬರಬಹುದಿತ್ತು; ಪ್ಯಾಡು ಕಟ್ಟಿದ ದೊಡ್ಡಕ್ಕನಿಗೆ ಬರಲಾಗಲಿಲ್ಲ. ಬಿಚ್ಚಿಕೊಳ್ಳೋಣವೆಂದರೆ ಬಗ್ಗುವಷ್ಟು ಜಾಗವಿರಲಿಲ್ಲ. ಪಂದ್ಯದ ಹೊತ್ತಾಯಿತು. ಕೋಚ್ ಮಾತಿಗೆ ಪಡಿತರ ಹಾಕಿಕೊಂಡಂಥ ಮನುಷ್ಯ. ಅಡ್ಡಗಾಲಿನ ಕಡೆ ನೋಡಿ, "ನೀನು," ಎಂದರು.

ಮನೆಯಲ್ಲಿ ಟಿವಿಯನ್ನು ಲಾಂಡ್ರಿಯ ಕೌಂಟರಿನ ಮೇಲೆ ತಂದಿಟ್ಟರು. ಬೀದಿಯವರೆಲ್ಲ ಬಟ್ಟೆ ಕೊಡುವ ನೆಪದಲ್ಲಿ ಬಂದು ನಿಂತರು.

ಗೋಲ್‌ಕೀಪರ್ ಕೆಲಸ ಬರೀ ಚೆಂಡು ತಡೆಯುವುದಲ್ಲ. ಇಡೀ ಮೈದಾನ ಅವಳ ಕಣ್ಣ ಮುಂದಿರುತ್ತದೆ. ಡಿಫೆಂಡರುಗಳಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂದು ಅವಳು ಕೂಗಿ ಹೇಳಬೇಕು. ಶಾಲೆ ಕಾಲೇಜಿನಲ್ಲಿ ಎಲ್ಲರೂ ಓರಗೆಯವರು, ಹೇಗೋ ನಡೆದುಹೋಗಿತ್ತು. ಇಲ್ಲಿ ಎದುರಿಗೆ ನಿಂತಿದ್ದವರು ಮೇಡಂ.

ಎದುರಾಳಿಯ ಹುಡುಗಿಯೊಬ್ಬಳು ಎಡಗಡೆಯಿಂದ ಚೆಂಡು ಹಿಡಿದು ಓಡಿಬಂದಳು. ಮೇಡಂ ಬಲಕ್ಕೆ ವಾಲಿದ್ದರು. ಅಡ್ಡಗಾಲಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು.

"ಮೇಡಂ, ನಿಮ್ಮ ಎಡಗಡೆ ಒಬ್ರು ಬರ್ತಿದಾರೆ, ಸ್ವಲ್ಪ ನೋಡ್ತೀರಾ..."

'ನೋಡ್ತೀರಾ' ಮುಗಿಯುವ ಮೊದಲೇ ಚೆಂಡು ಗೋಲಿನೊಳಗೆ ಹಿಂದಿನ ಹಲಗೆಗೆ ಬಡಿದು ಧಡ್ ಎಂದಿತು.

ಎರಡನೆಯ ಸಲ ವಾಕ್ಯವನ್ನು ಮೊಟಕು ಮಾಡಿಕೊಂಡಳು. "ಮೇಡಂ, ಎಡಕ್ಕೆ ಬನ್ನಿ, ದಯವಿಟ್ಟು." ದಯವಿಟ್ಟು ಬರುವಷ್ಟರಲ್ಲಿ ಚೆಂಡು ಬಂದಾಗಿತ್ತು. ಮೂರನೆಯ ಸಲ ಮೇಡಂ ಅವರನ್ನು ಬಿಟ್ಟು ಇನ್ನೊಬ್ಬಳನ್ನು, "ಅಕ್ಕಾ!" ಎಂದು ಕರೆದಳು. ತಂಡದಲ್ಲಿ ಇವಳಿಗಿಂತ ದೊಡ್ಡವರೇ ಎಲ್ಲ, ನಾಲ್ಕು ಜನ ಅಕ್ಕಂದಿರು ಒಟ್ಟಿಗೆ ತಿರುಗಿ, "ಏನೇ?" ಎಂದರು. ಅವರು ತಿರುಗಿದ್ದೇ ಎದುರಾಳಿಗೆ ಅನುಕೂಲವಾಯಿತು. ಹೀಗೆ ಮರ್ಯಾದೆ ಕೊಟ್ಟೂ ಕೊಟ್ಟೂ ಏಳು ಗೋಲು ಕೊಟ್ಟಳು.

ಲಾಂಡ್ರಿಯಲ್ಲಿ ಜನ ಒಬ್ಬೊಬ್ಬರೇ ಕರಗಿದರು. ಅಪ್ಪ ಅದಾಗಲೇ ಇಸ್ತ್ರಿಯಾಗಿದ್ದ ಅಂಗಿಯೊಂದನ್ನು ಮತ್ತೆ ಮತ್ತೆ ಇಸ್ತ್ರಿ ಮಾಡುತ್ತಿದ್ದ. ಅಜ್ಜಿಗೆ ಮಾತ್ರ ಕೋಪ ಬಂದಿದ್ದು ಬೇರೆಯವರ ಮೇಲೆ. "ಅಷ್ಟು ದೊಡ್ಡ ಬಾಗಿಲಿಗೆ ಒಬ್ಬಳನ್ನೇ ನಿಲ್ಲಿಸಿದ್ರೆ ಏನಾಗುತ್ತೆ? ಇನ್ನೊಬ್ಬರನ್ನ ಇಡೋಕೆ ಏನು ರೋಗ?"

ಮಾರನೆಯ ದಿನ ಕೋಚ್ ತಂಡವನ್ನು ಕೂರಿಸಿ ಪಂದ್ಯದ ವಿಡಿಯೋ ಹಾಕಿದರು. ಗೋಲಿನ ಹಿಂದೆ ಮೈಕ್ ಇದ್ದದ್ದರಿಂದ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. "ಸ್ವಲ್ಪ ನೋಡ್ತೀರಾ," ಧಡ್. "ದಯವಿಟ್ಟು," ಧಡ್. ಆರನೆಯ ಗೋಲಿನಲ್ಲಿ ಅವಳು, "ಕ್ಷಮಿಸಿ, ಬಲಗಡೆ," ಎಂದಿದ್ದಳು. ಮೊದಲು ಯಾರೋ ಕೆಮ್ಮಿದ ಹಾಗೆ ಮಾಡಿದರು, ಆಮೇಲೆ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಸೋತವರೆಲ್ಲ ನಗುತ್ತಿದ್ದರೆ ಅಡ್ಡಗಾಲು ಮಾತ್ರ ಅಳುತ್ತಿದ್ದಳು.

ಮೇಡಂ ಅವಳನ್ನು ಹೊರಗೆ ಕರೆದುಕೊಂಡು ಹೋದರು.

"ನೋಡು, ಮೈದಾನದಲ್ಲಿ ನಾನು ಮೇಡಂ ಅಲ್ಲ. ಬಾರೇ, ಹೋಗೇ ಅನ್ನು."

"ನನ್ನ ಕೈಲಿ ಆಗಲ್ಲ ಮೇಡಂ."

"ಯಾಕಾಗಲ್ಲ? ನನ್ನ ಬೆನ್ನ ಹಿಂದೆ ಅಂದಿರ್ತೀಯಲ್ಲ."

"ಬೆನ್ನ ಹಿಂದೆನೂ ನೀವು ಅಂತಾನೇ ಅಂತೀನಿ ಮೇಡಂ."

ಅದು ನಿಜವೆಂದು ಮೇಡಂ ಅವರಿಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಅವರೂ ಮೇಡಂ ಅಲ್ಲವೇ, ಹೋಂವರ್ಕ್ ಕೊಟ್ಟರು. ದಿನಾ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ತನ್ನನ್ನು ಏಕವಚನದಲ್ಲಿ ಮಾತಾಡಿಸಬೇಕು. ಮೊದಲ ದಿನ ಅಡ್ಡಗಾಲು ಉಪ್ಪಿನ ಡಬ್ಬಿ ನೋಡುತ್ತಾ ಬಹಳ ಹೊತ್ತು ಕೂತಳು. ಕೊನೆಗೆ ಧೈರ್ಯ ಮಾಡಿ, "ಮೇಡಂ, ಉಪ್ಪು ಕೊಡೇ... ಕೊಡ್ತೀರಾ," ಎಂದಳು. ಎರಡನೆಯ ದಿನ, "ಉಪ್ಪು ಕೊಡು," ಎಂದು ಕಣ್ಣು ಮುಚ್ಚಿಕೊಂಡು ಹೇಳಿ, ಕಣ್ಣು ಬಿಟ್ಟಾಗ ಎದುರಿಗೆ ಮೇಡಂ ಬದಲು ಕೋಚ್ ಕೂತಿದ್ದರು. ಅವರು ಉಪ್ಪು ಕೊಟ್ಟು, ಅವತ್ತು ಮೈದಾನದ ಸುತ್ತ ಅವಳನ್ನು ಸುಸ್ತಾಗುವವರೆಗೆ ಓಡಿಸಿದರು. ಮೂರನೆಯ ದಿನದಿಂದ ಅವಳು ಉಪ್ಪಿಲ್ಲದೆ ತಿನ್ನತೊಡಗಿದಳು.

ಮುಂದಿನ ವರ್ಷ ದೊಡ್ಡಕ್ಕನ ಭುಜ ಕೈಕೊಟ್ಟಿತು. ಜೀವಮಾನದಲ್ಲಿ ಒಮ್ಮೆಯೂ ಉಳುಕದವಳಿಗೆ ಬಟ್ಟೆ ಒಣಹಾಕುವಾಗ ಉಳುಕಿ, ವೈದ್ಯರು ಇನ್ನು ಆಡುವಂತಿಲ್ಲ ಎಂದರು. ದೊಡ್ಡಕ್ಕ ತನ್ನ ಗ್ಲೌಸುಗಳನ್ನು ಅಡ್ಡಗಾಲಿಗೆ ಕೊಟ್ಟು, "ಚೆಂಡು ಬಂದಾಗ ಬೆದರಬೇಡ. ಬರದೇ ಇದ್ದಾಗ ನಿದ್ದೆ ಮಾಡಬೇಡ. ಇಷ್ಟೇ ನನಗೆ ಗೊತ್ತಿರೋದು," ಎಂದು ಅತ್ತಳು. ಬೇರೆ ಯಾರೂ ಸಿದ್ಧರಿಲ್ಲದ ಕಾರಣ ಅಡ್ಡಗಾಲು ತಂಡದ ಮುಖ್ಯ ಗೋಲ್‌ಕೀಪರ್ ಆದಳು. ಡಿಫೆನ್ಸಿನವರೆಲ್ಲ ಸೇರಿ ಒಂದು ಉಪಾಯ ಮಾಡಿಕೊಂಡರು: ಅವಳು ಸ್ಟಿಕ್ಕಿನಿಂದ ಗೋಲಿನ ಕಂಬಕ್ಕೆ ಒಂದು ಸಲ ಕುಟ್ಟಿದರೆ ಎಡ, ಎರಡು ಸಲ ಕುಟ್ಟಿದರೆ ಬಲ. ಬಾಯಿ ತೆರೆಯುವ ಕಷ್ಟವೇ ಇಲ್ಲ. ಈ ಕುಟ್ಟಾಟದಲ್ಲೇ ತಂಡ ಒಂದಷ್ಟು ಪಂದ್ಯ ಗೆದ್ದಿತು ಕೂಡ. ದೊಡ್ಡದೊಂದು ಪಂದ್ಯಾವಳಿಯಲ್ಲಿ, ಯಾರೂ ನಿರೀಕ್ಷಿಸದೆ, ಮೂರನೇ ಸ್ಥಾನದ ಪಂದ್ಯದವರೆಗೂ ಬಂದುಬಿಟ್ಟಿತು. ಗೆದ್ದರೆ ಪದಕ.

ಆ ದಿನ ಮೇಡಂ ಅವರ ಶಾಲೆಯಲ್ಲಿ ಪಾಠ ನಿಲ್ಲಿಸಿ, ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಮಕ್ಕಳೆಲ್ಲ ನೆಲದ ಮೇಲೆ, ಮುಖ್ಯೋಪಾಧ್ಯಾಯಿನಿ ಮತ್ತು ಉಳಿದ ಶಿಕ್ಷಕರು ಕುರ್ಚಿಯ ಮೇಲೆ. ಒಂದೇ ಶಾಲೆಯ ಇಬ್ಬರು ದೇಶಕ್ಕೆ ಆಡುತ್ತಿದ್ದಾರೆ, ಒಬ್ಬರು ಗುರು, ಒಬ್ಬಳು ಶಿಷ್ಯೆ. ಗುರುಭಕ್ತಿಯ ಬಗ್ಗೆ ಮುಖ್ಯೋಪಾಧ್ಯಾಯಿನಿ ಪಂದ್ಯಕ್ಕೆ ಮೊದಲು ನಾಲ್ಕು ಮಾತು ಬೇರೆ ಆಡಿದ್ದರು.

ಪಂದ್ಯದ ಕೊನೆಯ ಹೊತ್ತಿಗೆ ನಮ್ಮವರು ಒಂದು ಗೋಲಿನಿಂದ ಮುಂದಿದ್ದರು. ಎದುರಾಳಿಗಳು ಪ್ರಾಣದ ಹಂಗು ಬಿಟ್ಟು ನುಗ್ಗುತ್ತಿದ್ದರು. ನೋಡುವವರ ಗಲಾಟೆ ಎಷ್ಟಿತ್ತೆಂದರೆ ಕಂಬಕ್ಕೆ ಕುಟ್ಟಿದ್ದು ಕುಟ್ಟಿದವಳಿಗೇ ಕೇಳುತ್ತಿರಲಿಲ್ಲ. ಚೆಂಡು ಬಲಗಡೆಯಿಂದ ಬಂತು. ಅಡ್ಡಗಾಲು ಅತ್ತ ಹಾರಿ ಕಾಲಿನಿಂದ ತಡೆದಳು. ತಡೆದ ಚೆಂಡು ಎಡಕ್ಕೆ ಚಿಮ್ಮಿತು. ಎಡಗಡೆ ಎದುರಾಳಿಯ ಹುಡುಗಿಯೊಬ್ಬಳು ಒಬ್ಬಂಟಿಯಾಗಿ, ಸ್ಟಿಕ್ ಎತ್ತಿಕೊಂಡು ಕಾಯುತ್ತಿದ್ದಳು. ಅಡ್ಡಗಾಲು ನೆಲದ ಮೇಲಿದ್ದಳು. ಮೇಡಂ ಅವಳಿಗೆ ಬೆನ್ನು ಮಾಡಿ, ಗೋಲಿನ ನಟ್ಟನಡುವೆ, ಅವಳ ದಾರಿಗೇ ಅಡ್ಡವಾಗಿ ನಿಂತಿದ್ದರು.

ಯೋಚಿಸುವಷ್ಟು ವ್ಯವಧಾನ ಇದ್ದಿದ್ದರೆ ಅಪ್ಪನ ನಾಲಗೆಯೇ ಮಾತಾಡುತ್ತಿತ್ತೋ ಏನೋ. ವ್ಯವಧಾನ ಇರಲಿಲ್ಲ. ಅಷ್ಟು ವರ್ಷ ಸುಮ್ಮನಿದ್ದ ಗಂಟಲು ತಾನಾಗಿ ತೆರೆದುಕೊಂಡಿತು.

"ಏಯ್ ಎಮ್ಮೆ! ಎಡಕ್ಕೆ ಸರಿಯೇ!"

ಮೇಡಂ ಯಾರು ಕೂಗಿದ್ದೆಂದು ನೋಡಲಿಲ್ಲ. ಅಂಥ ದನಿ ಕೇಳಿದರೆ ಯಾರೂ ನೋಡುತ್ತಾ ನಿಲ್ಲುವುದಿಲ್ಲ. ಎಡಕ್ಕೆ ಧುಮುಕಿ ಸ್ಟಿಕ್ ನೆಲಕ್ಕೆ ಹಾಸಿದರು. ಚೆಂಡು ಅದಕ್ಕೆ ಬಡಿದು ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಪಂದ್ಯ ಮುಗಿದ ಸೀಟಿ ಕೇಳಿತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು.

ಗೋಲಿನ ಹಿಂದಿನ ಮೈಕ್ ತನ್ನ ಕೆಲಸ ತಾನು ಮಾಡಿತ್ತು. ದೂರದ ಸಭಾಂಗಣದಲ್ಲಿ ಇಡೀ ಶಾಲೆ ಒಂದೇ ಉಸಿರಿಗೆ, "ಎಮ್ಮೆ!" ಎಂದು ಕೇಕೆ ಹಾಕಿತು. ಮುಖ್ಯೋಪಾಧ್ಯಾಯಿನಿ ಎದ್ದು ನಿಂತರು, ಮತ್ತೆ ಕೂತರು.

ಮೈದಾನದಲ್ಲಿ ಅಡ್ಡಗಾಲಿಗೆ ತಾನು ಏನಂದೆ ಎಂಬುದು ನೆನಪಾದದ್ದು ಕುಣಿತದ ಮಧ್ಯೆ. ನೆನಪಾದದ್ದೇ ಪ್ಯಾಡಿನ ಸಮೇತ ಡ್ರೆಸ್ಸಿಂಗ್ ರೂಮಿಗೆ ಓಡಿ, ಕೊನೆಯ ಶೌಚಾಲಯದಲ್ಲಿ ಸೇರಿಕೊಂಡು ಚಿಲಕ ಹಾಕಿಕೊಂಡಳು. ಹೊರಗೆ ಪದಕ ಕೊಡುವವರು ಕಾಯುತ್ತಿದ್ದರು. ಸಂಧಾನಕ್ಕೆ ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ಹೋದರು. ಕಡೆಗೆ ಮೇಡಂ ಅವರೇ ಬಂದು ಬಾಗಿಲು ಬಡಿದರು.

"ಬಾಗಿಲು ತೆಗಿ."

"ಬೇಡ ಮೇಡಂ. ನನಗೆ ಪದಕ ಬೇಡ. ನೀವೆಲ್ಲ ತಗೊಳ್ಳಿ."

"ನನಗೆ ಏನಂದೆ ನೀನು?"

ಒಳಗಿನಿಂದ ಬಿಕ್ಕುವ ಸದ್ದು.

"ಕೇಳ್ತಿದೀನಿ, ಏನಂದೆ?"

"ಎಮ್ಮೆ ಅಂದೆ ಮೇಡಂ."

"ಅದಲ್ಲ. ಅದಾದ್ಮೇಲೆ."

"ಎಡಕ್ಕೆ ಸರಿ ಅಂದೆ."

"ಅದನ್ನ ಮೊದಲು ಅನ್ನಬೇಕು. ಎಮ್ಮೆ ಆಮೇಲೆ ಅನ್ನು, ಪುರಸೊತ್ತಿದ್ರೆ. ಚೆಂಡು ಕಾಯುತ್ತಾ? ಈಗ ಹೊರಗೆ ಬಾ, ನನ್ನ ಮಂಡಿ ನೋಯ್ತಿದೆ, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ."

ಚಿಲಕ ಸರಿಯಿತು. ಪದಕ ಹಾಕಿಸಿಕೊಂಡ ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದಾರೆ. ಅಡ್ಡಗಾಲಿನ ಮೂಗು ಮಾತ್ರ ಟೊಮೆಟೊ ಹಣ್ಣಿನಂತಿದೆ.

ಮನೆಯಲ್ಲಿ ಪರಿಸ್ಥಿತಿ ಬೇರೆಯಿತ್ತು. ಪದಕದ ಸಂತೋಷಕ್ಕಿಂತ ಎಮ್ಮೆಯ ಅವಮಾನ ಅಮ್ಮನನ್ನು ಹಿಡಿದು ಅಲ್ಲಾಡಿಸಿತ್ತು. ಫೋನಿನಲ್ಲಿ, "ಗುರುಗಳಿಗೆ ಎಮ್ಮೆ ಅಂತೀಯಾ? ಎಲ್ಲಿ ಕಲಿತೆ ಈ ಮಾತು? ನಮ್ಮ ಮನೇಲಿ ಯಾರಾದ್ರೂ ಹಾಗೆ ಮಾತಾಡ್ತಾರಾ?" ಎಂದು ಕೂಗಿದಳು. ಇಸ್ತ್ರಿ ಮಾಡುತ್ತಿದ್ದ ಅಪ್ಪ ತಲೆ ಎತ್ತದೆ ಕಾಲರನ್ನು ಇನ್ನಷ್ಟು ಗಮನವಿಟ್ಟು ಒತ್ತಿದ. ಹಿಂದಿನ ಕೋಣೆಯಲ್ಲಿ ಕೆಲಸದವರು ಬಾಯಿಗೆ ಟವೆಲ್ ತುರುಕಿಕೊಂಡರು.

ಅಷ್ಟಕ್ಕೇ ಬಿಡದೆ, ತಂಡ ಊರಿಗೆ ಬಂದ ಮೇಲೆ ಅಮ್ಮ ಮೇಡಂ ಅವರ ಕ್ಷಮೆ ಕೇಳಲು ಶಾಲೆಗೇ ಹೋದಳು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಬಾಗಿಲು ಮುಚ್ಚಿ, ಇದ್ದುದರಲ್ಲಿ ತಗ್ಗಿದ ದನಿಯಲ್ಲಿ, "ನಮ್ಮ ಹುಡುಗಿ ಹಾಗೆ ಎಮ್ಮೆ ಅನ್ನಬಾರದಿತ್ತು," ಎಂದಳು. ಎರಡೂ ಮಹಡಿಯ ತರಗತಿಗಳಲ್ಲಿ ಪಾಠ ನಿಂತಿತು. ಮುಖ್ಯೋಪಾಧ್ಯಾಯಿನಿ ಕಿವಿಯ ಹತ್ತಿರ ಕೈ ಒಯ್ದು, "ಪರವಾಗಿಲ್ಲ ಬಿಡಿ. ಹುಡುಗಿಗೆ ಆ ಗಂಟಲು ಎಲ್ಲಿಂದ ಬಂತು ಅಂತ ಯೋಚಿಸ್ತಿದ್ವಿ, ಈಗ ಗೊತ್ತಾಯ್ತು," ಎಂದರು. ಮೇಡಂ ಮಾತ್ರ ಅಮ್ಮನ ಎರಡೂ ಕೈ ಹಿಡಿದುಕೊಂಡು, "ಅಕ್ಕ, ನಿಮ್ಮಿಂದ ಪದಕ ಬಂತು," ಎಂದರು. ಅಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಖುಷಿಯಾಯಿತು.

ಅಜ್ಜಿ ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟನೇ ಸ್ಥಾನ?"

"ಮೂರನೇದು ಅಜ್ಜಿ."

"ಬಾಗಿಲು ಕಾಯೋರಲ್ಲಿ ಮೂರನೇದಾ?"

"ಅಲ್ಲ ಅಜ್ಜಿ, ಇಡೀ ತಂಡ."

"ಓ, ಉಳಿದವರೂ ಇದ್ರಾ," ಎಂದು ಅಜ್ಜಿ ಅದನ್ನು ಸೋಪುಗಳ ಪಕ್ಕದಲ್ಲಿಟ್ಟಳು.

ಒಮ್ಮೆ ತೆರೆದ ಗಂಟಲು ಮತ್ತೆ ಮುಚ್ಚಲಿಲ್ಲ. ಮೈದಾನಕ್ಕೆ ಕಾಲಿಟ್ಟರೆ ಅವಳಿಗೆ ಅಕ್ಕ ಇಲ್ಲ, ಮೇಡಂ ಇಲ್ಲ. ಗೆರೆ ದಾಟಿ ಹೊರಗೆ ಬಂದರೆ ಮತ್ತೆ ಬನ್ನಿ, ಹೋಗಿ, ದಯವಿಟ್ಟು. ಹೊಸದಾಗಿ ಬಂದವರು ಪಂದ್ಯದಲ್ಲಿ ಅವಳಿಂದ ಬೈಸಿಕೊಂಡು ನಡುಗುತ್ತಿದ್ದರು, ಸಂಜೆ ಅವಳು, "ನೀವು ಊಟ ಮಾಡಿದ್ರಾ?" ಎಂದು ಕೇಳಿದಾಗ ಇನ್ನಷ್ಟು ನಡುಗುತ್ತಿದ್ದರು. ಮೇಡಂ ಮಂಡಿ ಸವೆದು ನಿವೃತ್ತರಾದರು, ತಂಡದ ಕೋಚ್ ಆದರು. ಅಡ್ಡಗಾಲು ಆಮೇಲೂ ಬಹಳ ವರ್ಷ ಆಡಿದಳು, ಸೋತಳು, ಗೆದ್ದಳು, ಎರಡು ಹಲ್ಲು ಕಳೆದುಕೊಂಡಳು. ಅವಳ ಮಂಡಿಯೂ ಮಾತು ಕೇಳದಾದಾಗ ಪ್ಯಾಡು ಬಿಚ್ಚಿದಳು. ಅಪ್ಪ ಆ ಪ್ಯಾಡುಗಳನ್ನು ಊರಾಚೆ ಒಯ್ದು ತಾನೇ ನಿಂತು ಸುಟ್ಟ. ಹೊಗೆಯ ವಿಷಯಕ್ಕೂ ದೂರು ಬಂತು.

ಆಟ ಬಿಟ್ಟ ಮೇಲೆ ದೂರದ ದೇಶವೊಂದು ತನ್ನ ಗೋಲ್‌ಕೀಪರುಗಳನ್ನು ತಯಾರು ಮಾಡಲು ಅವಳನ್ನು ಕರೆಸಿಕೊಂಡಿತು. ಆ ದೇಶದ ಭಾಷೆ ಅವಳಿಗೆ ಬರದು. ಆ ಹುಡುಗಿಯರೋ ಇವಳ ಹಳೆಯ ರೂಪವೇ: ಎಲ್ಲ ಗೊತ್ತು, ಬಾಯಿ ಮಾತ್ರ ಇಲ್ಲ. ಅವಳು ಗೋಲಿನ ಹಿಂದೆ ನಿಂತು ತನಗೆ ತಿಳಿದ ಭಾಷೆಯಲ್ಲೇ, "ಎಡ! ಬಲ! ಬಿಡು! ಹಿಡಿ!" ಎಂದು ಕೂಗಿ ತೋರಿಸಿದಳು. ಗಂಟಲು ಬಿಚ್ಚಲು ಆ ಪದಗಳು ಅವರಿಗೂ ಹಿತವೆನಿಸಿದವು. ಕೆಲವು ತಿಂಗಳಲ್ಲಿ ಆ ತಂಡದ ಡಿಫೆನ್ಸಿಗೆ ಡಿಫೆನ್ಸೇ ಕನ್ನಡದಲ್ಲಿ ಎಡ ಬಲ ಓಡಾಡುತ್ತಿತ್ತು. ಎದುರಾಳಿಗಳು ಒಂದಕ್ಷರ ತಿಳಿಯದೆ ಕಕ್ಕಾಬಿಕ್ಕಿಯಾದರು. ಆ ತಂಡ ಒಂದಾದ ಮೇಲೊಂದು ಪಂದ್ಯ ಗೆಲ್ಲುತ್ತಾ ಹೋಯಿತು.

ಆಮೇಲೆ ಆ ತಂಡಕ್ಕೆ ಎದುರಾಗಿ ನಮ್ಮವರೇ ಬಂದರು. ನಮ್ಮವರ ಬೆಂಚಿನಲ್ಲಿ ಮೇಡಂ ಕೂತಿದ್ದರು.

ಪಂದ್ಯ ಶುರುವಾದ ಕೂಡಲೇ ಅಡ್ಡಗಾಲಿಗೆ ತಾನು ಮಾಡಿದ ಎಡವಟ್ಟು ಹೊಳೆಯಿತು. ಗೋಲ್‌ಕೀಪರ್, "ಎಡ!" ಎಂದು ಕೂಗುವುದು, ನಮ್ಮ ಫಾರ್ವರ್ಡುಗಳು ನಗುತ್ತಾ ಬಲಕ್ಕೆ ಹೋಗುವುದು. "ಬಿಡು!" ಎಂದು ಕೂಗಿದರೆ, ಬಿಟ್ಟ ಚೆಂಡನ್ನು ಇವರು ಧನ್ಯವಾದ ಹೇಳಿ ಎತ್ತಿಕೊಳ್ಳುವುದು. ಅರ್ಧ ಆಟ ಮುಗಿಯುವಷ್ಟರಲ್ಲಿ ಎರಡು ಗೋಲು ಬಿದ್ದಿದ್ದವು. ಆಚೆ ಬೆಂಚಿನಿಂದ ಮೇಡಂ ಅವಳಿಗೆ ಕೈ ಬೀಸಿದರು.

ವಿರಾಮದಲ್ಲಿ ಅಡ್ಡಗಾಲು ತನ್ನ ಹುಡುಗಿಯರನ್ನು ಗುಂಪು ಸೇರಿಸಿದಳು. ಕೈಸನ್ನೆ, ಬಾಯಿಸನ್ನೆ ಎಲ್ಲ ಬಳಸಿ, ಇನ್ನು ಮೇಲೆ ಎಡ ಅಂದರೆ ಬಲ, ಬಲ ಅಂದರೆ ಎಡ ಎಂದು ತಿಳಿಸಿದಳು. ಕೆಲವರಿಗೆ ಅರ್ಥವಾಯಿತು, ಕೆಲವರಿಗೆ ಆಗಲಿಲ್ಲ. ದ್ವಿತೀಯಾರ್ಧದಲ್ಲಿ ಗೋಲ್‌ಕೀಪರ್, "ಎಡ!" ಎಂದರೆ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಓಡಿದರು. ಹಾಗಾಗಿ ಎರಡೂ ಕಡೆ ಕಾವಲು ಬಿದ್ದಿತು. ನಮ್ಮ ಫಾರ್ವರ್ಡುಗಳು ಎತ್ತ ಹೋಗಬೇಕೆಂದು ತಿಳಿಯದೆ ಮಧ್ಯದಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. "ಮೋಸ! ಇದು ಮೋಸ!" ಎಂದು ಮೇಡಂ ಕೂಗಿದ್ದು ಅಂಪೈರಿಗೆ ಕೇಳಿದರೂ ಭಾಷೆ ಅರ್ಥವಾಗಲಿಲ್ಲ. ಆ ಗಲಿಬಿಲಿಯಲ್ಲಿ ಅಡ್ಡಗಾಲಿನ ಹುಡುಗಿಯರೂ ಎರಡು ಗೋಲು ಹೊಡೆದುಬಿಟ್ಟರು. ಪಂದ್ಯ ಎರಡು ಎರಡರಲ್ಲಿ ನಿಂತಿತು.

ಜನ ಖಾಲಿಯಾದ ಮೇಲೆ ಮೇಡಂ ಕುಂಟುತ್ತಾ ಮೈದಾನ ದಾಟಿ ಬಂದು ಅವಳ ಬೆಂಚಿನಲ್ಲಿ ಕೂತರು. ಜೇಬಿನಿಂದ ಒಂದು ಕಿತ್ತಳೆ ಹಣ್ಣು ತೆಗೆದು ಸುಲಿದು ಅರ್ಧ ಕೊಟ್ಟರು.

"ಮುಂದಿನ ವರ್ಷ ನಮ್ಮ ಕಡೆ ಬಂದುಬಿಡು."

"ಇವರಿಗೆ ಇನ್ನೊಂದು ವರ್ಷ ಇರ್ತೀನಿ ಅಂತ ಮಾತು ಕೊಟ್ಟಿದೀನಿ ಮೇಡಂ."

"ಕೊಟ್ಟಿದ್ರೆ ಇರು. ಆದ್ರೆ ಇವರಿಗೆ ಬೇರೆ ಭಾಷೇಲಿ ಹೇಳ್ಕೊಡು. ನಮ್ಮ ಹುಡುಗೀರು ತಲೆ ತಲೆ ಗುದ್ದಿಕೊಂಡು ಬುರುಡೆ ಊದಿಸ್ಕೊಂಡಿದಾರೆ."

"ಸರಿ ಮೇಡಂ. ಐಸ್ ಕಳಿಸ್ಲಾ?"

"ಕಳಿಸು," ಎಂದು ಮೇಡಂ ಒಂದು ತೊಳೆ ಬಾಯಿಗೆ ಹಾಕಿಕೊಂಡರು.

ಆಗ ಮೈದಾನ ನೋಡಿಕೊಳ್ಳುವವನು, ಯಾರೂ ಇಲ್ಲವೆಂದುಕೊಂಡು, ಮುಂದಿನ ಪಂದ್ಯಕ್ಕೆ ಹುಲ್ಲುಹಾಸು ನೆನೆಸುವ ಕಾರಂಜಿಗಳನ್ನು ಬಿಟ್ಟ. ನಾಲ್ಕೂ ದಿಕ್ಕಿನಿಂದ ನೀರು ಎದ್ದು, ಕಮಾನಾಗಿ ಬಾಗಿ, ಬೆಂಚಿನ ಮೇಲೆ ಸುರಿಯಿತು. ಓಡುವುದಕ್ಕೆ ಇಬ್ಬರಿಗೂ ಮಂಡಿ ಇರಲಿಲ್ಲ. ಕಿತ್ತಳೆ ಮುಗಿಯುವವರೆಗೆ ಅಲ್ಲೇ ಕೂತು ನೆನೆದರು.